ನಡವಳಿ ಬರಹದಲ್ಲಿ ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆ: ಸದಸ್ಯರಿಗೆ ಅಭ್ಯಾಸ ಪಾಠ

ಸಭೆಯಲ್ಲಿ ಆಡಿದ ಮಾತು ಮರೆತುಹೋಗಬಹುದು. ನಡವಳಿ ಪುಸ್ತಕದಲ್ಲಿ ಬರೆದ ವಾಕ್ಯ ಉಳಿಯುತ್ತದೆ. ಲೆಕ್ಕಪರಿಶೋಧಕರೂ, ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ನಕಲು ಪಡೆಯುವ ಗ್ರಾಮಸ್ಥರೂ ಓದುವುದು ಆ ವಾಕ್ಯವನ್ನೇ.

ಇಂಗ್ಲಿಷಿನಲ್ಲಿ ‘ಡಿಸೈಡೆಡ್’ ಎಂಬ ಒಂದೇ ರೂಪ ಎಲ್ಲ ಕರ್ತೃಗಳಿಗೂ ಸಲ್ಲುತ್ತದೆ. ಕನ್ನಡದಲ್ಲಿ ನಿರ್ಧರಿಸಿದನು, ನಿರ್ಧರಿಸಿದಳು, ನಿರ್ಧರಿಸಿದರು, ನಿರ್ಧರಿಸಿತು, ನಿರ್ಧರಿಸಿದವು ಎಂದು ರೂಪ ಬದಲಾಗುತ್ತದೆ. ಆದುದರಿಂದ ಕ್ರಿಯಾಪದ ತಪ್ಪಿದರೆ ಯಾರು, ಎಷ್ಟು ಎಂಬ ಸಂಗತಿಯೂ ತಪ್ಪುತ್ತದೆ. ಎಡವುವ ನಾಲ್ಕು ಸಂದರ್ಭಗಳನ್ನು ಕೆಳಗೆ ವಿವರಿಸಲಾಗಿದೆ.

1. ಕರ್ಮಣಿ ಪ್ರಯೋಗ
ತಪ್ಪು: ಸಭೆಯು ಚರಂಡಿ ದುರಸ್ತಿಗೆ ತೀರ್ಮಾನಿಸಲಾಯಿತು.
ಸರಿ: ಸಭೆಯು ತೀರ್ಮಾನಿಸಿತು, ಅಥವಾ, ಸಭೆಯಲ್ಲಿ ತೀರ್ಮಾನಿಸಲಾಯಿತು.
‘ಲಾಯಿತು’, ‘ಲಾಗಿದೆ’ ಎಂಬ ರೂಪಗಳೊಡನೆ ಮಾಡಿದವರ ಹೆಸರು ಪ್ರಥಮಾ ವಿಭಕ್ತಿಯಲ್ಲಿ ನಿಲ್ಲದು. ‘ಕಾಮಗಾರಿಗಳನ್ನು ಅನುಮೋದಿಸಲಾಗಿದೆ’ ಎಂಬಲ್ಲಿ ಕಾಮಗಾರಿಗಳು ಹಲವಿದ್ದರೂ ಏಕವಚನವೇ ಸರಿ.
ಈ ಪ್ರಯೋಗದಲ್ಲಿ ಹೊಣೆಗಾರರು ಮರೆಯಾಗುವ ಅಪಾಯವೂ ಇದೆ. ‘ಮಳೆಗಾಲಕ್ಕೆ ಮುನ್ನ ಚರಂಡಿ ಸ್ವಚ್ಛಗೊಳಿಸಲು ಸೂಚಿಸಲಾಯಿತು’ ಎಂದರೆ ಸೂಚಿಸಿದವರಾರು, ಯಾರಿಗೆ ಎಂಬುದು ತಿಳಿಯದು. ಜೂನ್ ತಿಂಗಳಲ್ಲಿ ನೀರು ರಸ್ತೆಗೆ ನುಗ್ಗಿದಾಗ ಉತ್ತರಿಸುವವರು ಇರುವುದಿಲ್ಲ. ‘ಅಧ್ಯಕ್ಷರು ಸ್ವಚ್ಛತಾ ಸಿಬ್ಬಂದಿಗೆ ಸೂಚಿಸಿದರು’ ಎಂದು ಬರೆಯುವುದು ಲೇಸು.

2. ನಡುವೆ ಬರುವ ಬಹುವಚನ
ತಪ್ಪು: ಕಾಫಿ ತೋಟಗಳ ನಡುವೆ ಹಾದುಹೋಗುವ ರಸ್ತೆಯು ಕುಸಿದಿವೆ.
ಸರಿ: ಕಾಫಿ ತೋಟಗಳ ನಡುವೆ ಹಾದುಹೋಗುವ ರಸ್ತೆಯು ಕುಸಿದಿದೆ.
ಕುಸಿದದ್ದು ರಸ್ತೆ, ತೋಟಗಳಲ್ಲ. ರಸ್ತೆಗಳು ಹಲವಿದ್ದರೆ ‘ರಸ್ತೆಗಳು ಕುಸಿದಿವೆ’ ಎಂದು ಬರೆದು ಸಂಖ್ಯೆಯನ್ನೂ ಸೇರಿಸಬೇಕು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ, ಕಳಸ ಭಾಗದಲ್ಲಿ ಗುಡ್ಡಗಳು ಕುಸಿದಂತಹ ಸಂದರ್ಭದ ಹಾನಿ ವರದಿಯಲ್ಲಿ ‘ದೆ’ ಮತ್ತು ‘ವೆ’ಗಳ ಅಂತರವು ಒಂದು ರಸ್ತೆಗೂ ಹಲವು ರಸ್ತೆಗಳಿಗೂ ಇರುವ ಅಂತರವಾಗುತ್ತದೆ.

3. ಕರ್ತೃವಿನಂತೆ ಕಾಣುವ ಚತುರ್ಥಿ
ತಪ್ಪು: ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ನಿವೇಶನಗಳು ಮಂಜೂರಾಗಿದೆ.
ಸರಿ: ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ನಿವೇಶನಗಳು ಮಂಜೂರಾಗಿವೆ.
ಇಲ್ಲಿ ಕರ್ತೃ ‘ನಿವೇಶನಗಳು’; ‘ಕಾರ್ಮಿಕರಿಗೆ’ ಎಂಬುದು ಪಡೆಯುವವರನ್ನು ಮಾತ್ರ ಸೂಚಿಸುತ್ತದೆ.

4. ಗೌರವ ಬಹುವಚನ
‘ಸದಸ್ಯರು ಆಕ್ಷೇಪಿಸಿದರು’ ಎಂಬುದು ವ್ಯಾಕರಣದಲ್ಲಿ ಶುದ್ಧ, ಅರ್ಥದಲ್ಲಿ ಸಂದಿಗ್ಧ. ಆಕ್ಷೇಪಿಸಿದವರು ಒಬ್ಬರೋ, ಎಲ್ಲರೋ? ಗೌರವಕ್ಕೂ ಬಹುವಚನಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯವಿರುವುದರಿಂದ ‘ಸದಸ್ಯರೊಬ್ಬರು’, ‘ಮೂವರು ಸದಸ್ಯರು’ ಎಂದು ಸ್ಪಷ್ಟಪಡಿಸಬೇಕು. ಹೆಸರು ಬರೆದರೆ ಇನ್ನೂ ಉತ್ತಮ.

ಅಭ್ಯಾಸ: ತಿದ್ದಿ ಬರೆಯಿರಿ.
(ಅ) ಶಾಲೆಗಳ ಮುಂದಿನ ಕಾಲುಸಂಕವು ಮುರಿದಿವೆ.
(ಆ) ಗ್ರಾಮಸಭೆಯು ಫಲಾನುಭವಿಗಳನ್ನು ಆಯ್ಕೆ ಮಾಡಲಾಯಿತು.

ಉತ್ತರ: (ಅ) ಮುರಿದಿದೆ. (ಆ) ಆಯ್ಕೆ ಮಾಡಿತು. ಎರಡನೆಯದರಲ್ಲಿ ಆಯ್ಕೆ ಮಾಡಿದ್ದು ಗ್ರಾಮಸಭೆಯೇ ಎಂಬುದು ದಾಖಲೆಯಲ್ಲಿ ನಿಲ್ಲುತ್ತದೆ.

ನಡವಳಿಗೆ ಸಹಿ ಮಾಡುವ ಮುನ್ನ ಪ್ರತಿ ನಿರ್ಣಯವನ್ನು ಗಟ್ಟಿಯಾಗಿ ಓದಿಸಿ, ಮಾಡಿದವರು ಯಾರು, ಎಷ್ಟು ಮಂದಿ, ಯಾವುದನ್ನು ಎಂದು ಕೇಳತಕ್ಕದ್ದು. ವಾಕ್ಯವೇ ಉತ್ತರಿಸದಿದ್ದರೆ ಅಲ್ಲಿಯೇ ತಿದ್ದಿಸತಕ್ಕದ್ದು.