ಕಡ್ಡಿಗಳಿಂದ ಕಲಿಯುವ ಆಕೃತಿಗಳು

ಚೌಕವೊಂದನ್ನು ಬರೆದು ಮಗುವಿಗೆ ತೋರಿಸಿದರೆ ಅದು ಕೂಡಲೇ ‘ಚೌಕ’ ಎನ್ನುತ್ತದೆ. ಅದೇ ಹಾಳೆಯನ್ನು ಓರೆಯಾಗಿ ತಿರುಗಿಸಿದಾಗ ‘ಇದು ಚೌಕವಲ್ಲ’ ಎನ್ನುವ ಮಕ್ಕಳು ಅನೇಕರು. ಭುಜಗಳಾಗಲಿ ಕೋನಗಳಾಗಲಿ ಬದಲಾಗಿಲ್ಲ. ಬದಲಾದುದು ನೋಟ ಮಾತ್ರ. ಮಗು ಹೆಸರನ್ನು ಕಲಿತಿದೆಯೇ ಹೊರತು ಲಕ್ಷಣವನ್ನು ಕಲಿತಿಲ್ಲ. ಈ ಕೊರತೆ ಹಾಗೆಯೇ ಉಳಿದರೆ ಮುಂದಿನ ತರಗತಿಗಳಲ್ಲಿ ಸುತ್ತಳತೆ, ವಿಸ್ತೀರ್ಣ ಮತ್ತು ಪ್ರಮೇಯಗಳು ಬಾಯಿಪಾಠವಾಗುತ್ತವೆ. ಗಣಿತದ ಭಯಕ್ಕೆ ಅದೇ ಬೀಜವಾಗುತ್ತದೆ.

ಮಗು ಮೊದಲು ಆಕೃತಿಯನ್ನು ಇಡಿಯಾಗಿ ನೋಡಿ ಗುರುತಿಸುತ್ತದೆ, ಅನಂತರ ಅದರ ಗುಣಗಳನ್ನು ಗಮನಿಸುತ್ತದೆ ಎಂದು ಹಾಲೆಂಡಿನ ಶಿಕ್ಷಕ ದಂಪತಿಗಳಾದ ವ್ಯಾನ್ ಹೀಲೆ ಅವರು 1957ರಲ್ಲಿ ವಿವರಿಸಿದರು. ಒಂದು ಹಂತದಿಂದ ಮತ್ತೊಂದಕ್ಕೆ ಏರಲು ವಯಸ್ಸಿಗಿಂತ ಕಲಿಕೆಯ ಅನುಭವವೇ ಮುಖ್ಯವೆಂಬುದು ಅವರ ಅಭಿಪ್ರಾಯ.

ಪುಣೆಯ ಮಾದರಿ

ಇಂತಹ ಅನುಭವವನ್ನು ಅತ್ಯಲ್ಪ ವೆಚ್ಚದಲ್ಲಿ ಒದಗಿಸುವ ದಾರಿಯನ್ನು ತೋರಿಸಿದವರಲ್ಲಿ ಶ್ರೀ ಅರವಿಂದ ಗುಪ್ತ ಪ್ರಮುಖರು. ಕಾನಪುರದ ಐ.ಐ.ಟಿ.ಯ ಪದವೀಧರರಾದ ಇವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ತೊಡಗಿದರು. ಬೆಂಕಿಕಡ್ಡಿಗಳನ್ನೂ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕುಗಳನ್ನೂ ಜೋಡಿಸಿ ಆಕೃತಿಗಳನ್ನು ರಚಿಸುವ ಅವರ ವಿಧಾನ ಹೆಸರಾಯಿತು. ಮುಂದೆ ಅವರು ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ಮತ್ತು ಖಭೌತ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಮಾಡುವ ಬಗೆ

ಬೆಂಕಿಕಡ್ಡಿಗಳ ಮದ್ದನ್ನು ಹಿರಿಯರು ಮೊದಲೇ ಕೆರೆದು ತೆಗೆಯಬೇಕು. ಟ್ಯೂಬನ್ನು ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಎರಡು ತುದಿಗಳಿಗೂ ಒಂದೊಂದು ಕಡ್ಡಿಯನ್ನು ಸಿಕ್ಕಿಸಬೇಕು. ಟ್ಯೂಬು ದೊರೆಯದಿದ್ದರೆ ಪೊರಕೆಕಡ್ಡಿ ಹಾಗೂ ಹಸಿ ಜೇಡಿಮಣ್ಣಿನ ಗುಂಡುಗಳು ಸಾಕು. ಪುಟ್ಟ ಮಕ್ಕಳು ತುಣುಕುಗಳನ್ನು ಬಾಯಿಗೆ ಹಾಕಿಕೊಳ್ಳದಂತೆ ಎಚ್ಚರವಹಿಸುವುದು ಅಗತ್ಯ.

ಮೂರು ಕಡ್ಡಿಗಳಿಂದ ತ್ರಿಭುಜ, ನಾಲ್ಕರಿಂದ ಚೌಕ, ಐದರಿಂದ ಪಂಚಭುಜ ಸಿದ್ಧವಾಗುತ್ತದೆ. ಈಗ ಮಗು ಅವುಗಳ ಮೂಲೆಗಳನ್ನು ಮೆಲ್ಲನೆ ಅದುಮಲಿ. ಚೌಕವು ಓರೆಯಾಗಿ ವಜ್ರಾಕೃತಿಯಾಗುತ್ತದೆ. ಕಡ್ಡಿಗಳು ಅವೇ ಇದ್ದರೂ ಕೋನಗಳು ಬದಲಾಗಿವೆ. ಆದುದರಿಂದ ಚೌಕಕ್ಕೆ ಸಮಭುಜಗಳಷ್ಟೇ ಸಾಲವು, ಲಂಬಕೋನಗಳೂ ಬೇಕೆಂಬುದನ್ನು ಮಗು ಕೈಯಿಂದಲೇ ಅರಿಯುತ್ತದೆ. ಪಂಚಭುಜವೂ ಆಕಾರಗೆಡುತ್ತದೆ. ತ್ರಿಭುಜ ಮಾತ್ರ ಕದಲುವುದಿಲ್ಲ. ಸೇತುವೆಗಳಲ್ಲಿಯೂ ವಿದ್ಯುತ್ ಗೋಪುರಗಳಲ್ಲಿಯೂ ತ್ರಿಭುಜಗಳನ್ನೇ ಹೆಚ್ಚಾಗಿ ಬಳಸುವುದರ ಕಾರಣ ಇದೇ.

ಮನೆಯಲ್ಲಿ ಗಮನಿಸಬೇಕಾದ ಅಂಶಗಳು

ಬಳೆ, ಅಂಚೆ ಕಾರ್ಡು, ಡಬ್ಬಿಯ ಮುಚ್ಚಳ ಮೊದಲಾದವುಗಳನ್ನು ಸ್ಲೇಟಿನ ಮೇಲಿರಿಸಿ ಸುತ್ತಲೂ ಬಳಪದಿಂದ ಗೆರೆ ಎಳೆಸಿರಿ. ವಸ್ತುವಿಗೆ ದಪ್ಪವಿದೆ, ಗೆರೆಯ ಆಕೃತಿಗೆ ದಪ್ಪವಿಲ್ಲ ಎಂಬ ಭೇದ ಆಗ ಸ್ಪಷ್ಟವಾಗುತ್ತದೆ. ವೃತ್ತಕ್ಕೆ ಮೂಲೆಯೂ ಇಲ್ಲ, ನೇರ ಭುಜವೂ ಇಲ್ಲ ಎಂಬುದನ್ನು ಮಗು ಬೆರಳಾಡಿಸಿ ಕಂಡುಕೊಳ್ಳಲಿ.

ಆಕೃತಿಗಳನ್ನು ಸದಾ ಒಂದೇ ಭಂಗಿಯಲ್ಲಿ ತೋರಿಸಬಾರದು. ತಲೆಕೆಳಗಾದ ತ್ರಿಭುಜ, ನೀಳವಾದ ತ್ರಿಭುಜ, ನಿಂತ ಆಯತ, ಮಲಗಿದ ಆಯತ ಎಲ್ಲವೂ ಮಗುವಿನ ಕಣ್ಣಿಗೆ ಬೀಳಬೇಕು. ‘ಇದೇನು?’ ಎಂದು ಕೇಳಿ ನಿಲ್ಲಿಸದೆ ‘ಹೇಗೆ ಹೇಳುವೆ?’ ಎಂದೂ ಕೇಳಬೇಕು. ಮಗು ತಪ್ಪಿದರೆ ಗದರಿಸದೆ ಭುಜಗಳನ್ನೂ ಮೂಲೆಗಳನ್ನೂ ಎಣಿಸಲು ಬಿಡಬೇಕು.

2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಅಭಿಯಾನವು ಸಂಖ್ಯೆಗಳೊಂದಿಗೆ ಆಕೃತಿ ಹಾಗೂ ಸ್ಥಳದ ತಿಳಿವನ್ನೂ ಬುನಾದಿ ಗಣಿತದ ಅಂಗವೆಂದು ಪರಿಗಣಿಸಿದೆ. ಶಾಲೆಯ ಈ ಪ್ರಯತ್ನಕ್ಕೆ ಮನೆಯ ನೆರವೂ ಕೂಡಿದಲ್ಲಿ ಫಲ ಇಮ್ಮಡಿಯಾಗುವುದು. ಅದಕ್ಕೆ ಬೇಕಾದುದು ಬೆಲೆಬಾಳುವ ಆಟಿಕೆಯಲ್ಲ. ಹಿಡಿಯಷ್ಟು ಕಡ್ಡಿ ಮತ್ತು ಹಿರಿಯರ ಅರ್ಧ ಗಂಟೆಯ ಬಿಡುವು.