ಅಳಿವೆಗೆ ಜೀವ ಮರಳಿಸಲು ಕಾನೂನಿನ ದಾರಿಗಳು

ಮಂಗಳೂರಿನಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಬೆಂಗ್ರೆಯ ಬಳಿ ಒಂದಾಗಿ ಕಡಲು ಸೇರುತ್ತವೆ. ಈ ಅಳಿವೆಯ ಆಸುಪಾಸಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ, ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವ ಕೆಸರುಬಯಲುಗಳಿವೆ, ನಾಡದೋಣಿ ಮೀನುಗಾರರ ಮನೆಗಳಿವೆ. ಊರಿನ ಕೊಳಚೆ, ಕೈಗಾರಿಕಾ ಪ್ರದೇಶದಿಂದ ಬರುವ ತೋಡುಗಳ ನೀರು, ದಡಕ್ಕೆ ಸುರಿದ ಕಟ್ಟಡದ ಅವಶೇಷ ಎಲ್ಲವೂ ಬಂದು ಸೇರುವುದು ಇದೇ ನೀರಿಗೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿತು. ಕಸದಿಂದ ಒಸರಿದ ಕೊಳೆನೀರು ಫಲ್ಗುಣಿಯ ಮರವೂರು ಕಿಂಡಿ ಅಣೆಕಟ್ಟಿನವರೆಗೂ ಹರಿಯಿತು.

ಇಂಥ ಜೌಗು ಪ್ರದೇಶವನ್ನು ಉಳಿಸಬೇಕೆಂದು ಊರಿನವರು ಹೊರಟಾಗ ಸಾಮಾನ್ಯವಾಗಿ ನಡೆಯುವುದು ಎರಡು ಕೆಲಸ: ಭಾನುವಾರದ ಪ್ಲಾಸ್ಟಿಕ್ ಹೆಕ್ಕುವಿಕೆ ಮತ್ತು ಮಳೆಗಾಲದ ಗಿಡ ನೆಡುವಿಕೆ. ಎರಡೂ ಒಳ್ಳೆಯವೇ. ಆದರೆ ಕೊಳವೆಯಲ್ಲಿ ಕೊಳಚೆ ಬರುತ್ತಿರುವಷ್ಟು ದಿನ ನೆಟ್ಟ ಗಿಡವೂ ಬದುಕುವುದಿಲ್ಲ, ಮರುವಾಯಿಯೂ ಮರಳುವುದಿಲ್ಲ. ಮಾಲಿನ್ಯವನ್ನು ಮೂಲದಲ್ಲೇ ನಿಲ್ಲಿಸುವ ಹೊಣೆ ಸರ್ಕಾರಿ ಕಚೇರಿಗಳದ್ದು. ಆ ಹೊಣೆಯನ್ನು ಅವು ನಿರ್ವಹಿಸುವಂತೆ ಮಾಡುವ ಹಕ್ಕು ನಾಗರಿಕರದ್ದು. ಶುದ್ಧ ನೀರು, ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. ಸರಿಯಾದ ಕಚೇರಿಗೆ, ಸರಿಯಾದ ಅವಧಿಯಲ್ಲಿ, ಬರವಣಿಗೆಯಲ್ಲಿ ಕೇಳಿದರೆ ಮಾತ್ರ ಈ ಹಕ್ಕು ಕೈಗೆ ಸಿಗುತ್ತದೆ.

ಯಾವ ಕಾನೂನಿನಡಿ ಬರುತ್ತದೆ?

ಅನೇಕರು ಮೊದಲ ಅರ್ಜಿಯಲ್ಲೇ 2017ರ ಜೌಗು ಪ್ರದೇಶ ನಿಯಮಗಳನ್ನು ಉಲ್ಲೇಖಿಸುತ್ತಾರೆ. ಆದರೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ವ್ಯಾಪ್ತಿಗೆ ಬರುವ ಜೌಗಿಗೆ ಆ ನಿಯಮಗಳು ಅನ್ವಯವಾಗುವುದಿಲ್ಲ. ಅರಣ್ಯ ಕಾನೂನುಗಳ ವ್ಯಾಪ್ತಿಯ ಜೌಗಿಗೂ ಅನ್ವಯವಾಗುವುದಿಲ್ಲ. ಹಾಗಾಗಿ ಉಬ್ಬರದ ನೀರು ಏರುವ ಅಳಿವೆ, ಹಿನ್ನೀರು, ಕಾಂಡ್ಲಾ ಕಾಡಿನ ವಿಷಯದಲ್ಲಿ ಹಿಡಿಯಬೇಕಾದ್ದು ಪರಿಸರ ಸಂರಕ್ಷಣಾ ಕಾಯ್ದೆ 1986ರ ಅಡಿಯ ಸಿಆರ್‌ಝಡ್ ಅಧಿಸೂಚನೆಯನ್ನು. ಈಗಿನ ಅಧಿಸೂಚನೆ ಹೊರಬಿದ್ದದ್ದು 2019ರ ಜನವರಿ 18ರಂದು.

ಅದರ ಪ್ರಕಾರ ಕಾಂಡ್ಲಾ ಕಾಡು, ಜೀವಿಗಳಿರುವ ಕೆಸರುಬಯಲು, ಉಪ್ಪು ಜವುಗು, ಹಕ್ಕಿಗಳು ಗೂಡುಕಟ್ಟುವ ತಾಣಗಳು ಸಿಆರ್‌ಝಡ್ 1ಎ ವರ್ಗಕ್ಕೆ ಸೇರುತ್ತವೆ. ಅತಿ ಹೆಚ್ಚಿನ ರಕ್ಷಣೆ ಈ ವರ್ಗಕ್ಕೇ. ಕಾಂಡ್ಲಾ 1000 ಚದರ ಮೀಟರಿಗಿಂತ ಹೆಚ್ಚಿದ್ದರೆ ಅದರ ಅಂಚಿನ ಸುತ್ತ 50 ಮೀಟರ್ ಜಾಗವನ್ನೂ ಕಾಯ್ದುಕೊಳ್ಳಬೇಕು. ನಮ್ಮ ಕಡೆಯ ಲೆಕ್ಕದಲ್ಲಿ 1000 ಚದರ ಮೀಟರ್ ಎಂದರೆ ಸುಮಾರು 25 ಸೆಂಟ್ಸ್. ದೊಡ್ಡ ಕಾಡೇ ಆಗಬೇಕಿಲ್ಲ.

ಸಿಆರ್‌ಝಡ್ ವ್ಯಾಪ್ತಿಯಲ್ಲಿ ಶುದ್ಧೀಕರಿಸದ ತ್ಯಾಜ್ಯ ನೀರು ಬಿಡುವುದು, ನಗರದ ಕಸ ಅಥವಾ ಕಟ್ಟಡದ ಅವಶೇಷ ಸುರಿದು ಜಾಗ ಎತ್ತರಿಸುವುದು ನಿಷಿದ್ಧ. ಅಧಿಸೂಚನೆಯೇ ಅನುಮತಿಸಿದ ಕೆಲವು ಕಾಮಗಾರಿಗಳನ್ನು ಬಿಟ್ಟರೆ, ಒಡ್ಡು ಕಟ್ಟಿ ಉಬ್ಬರ ಇಳಿತದ ಸಹಜ ಹರಿವನ್ನು ತಡೆಯುವಂತೆಯೂ ಇಲ್ಲ.

ಕೊಳಚೆ ಮತ್ತು ಕಾರ್ಖಾನೆ ನೀರಿಗೆ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ 1974 ಕೂಡ ಅನ್ವಯಿಸುತ್ತದೆ. 25ನೇ ಸೆಕ್ಷನ್ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವಿಲ್ಲದೆ ಯಾರೂ ತ್ಯಾಜ್ಯ ನೀರನ್ನು ಹೊರಬಿಡುವಂತಿಲ್ಲ. ಮಹಾನಗರ ಪಾಲಿಕೆಯ ಕೊಳಚೆ ಶುದ್ಧೀಕರಣ ಘಟಕಗಳೂ ಈ ನಿಯಮಕ್ಕೆ ಹೊರತಲ್ಲ.

ಮೊದಲು ದಾಖಲೆ, ಆಮೇಲೆ ದೂರು

ಚೆನ್ನೈನ ಎಣ್ಣೂರು ಅಳಿವೆಯ ಮೀನುಗಾರರ ಹೋರಾಟದಿಂದ ಕಲಿಯಬೇಕಾದ್ದು ಬಹಳ ಇದೆ. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಕೊಸಸ್ತಲೈಯಾರ್ ನದಿಯನ್ನೂ ಕೆಸರುಬಯಲನ್ನೂ ತುಂಬಿದಾಗ ಅವರು ಬೀದಿಯ ಹೋರಾಟದ ಜೊತೆಗೆ ದಾಖಲೆಗಳನ್ನೂ ಹುಡುಕಿದರು. ಅಳಿವೆಯನ್ನು ಸಿಆರ್‌ಝಡ್ 1 ಎಂದು ಗುರುತಿಸಿದ್ದ, ಕೇಂದ್ರ ಸರ್ಕಾರ 1996ರಲ್ಲಿ ಅನುಮೋದಿಸಿದ್ದ ಕರಾವಳಿ ನಕ್ಷೆ ಬೆಳಕಿಗೆ ಬಂದದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ಬೂದಿ ಮಾಲಿನ್ಯದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ 2022ರಲ್ಲಿ ವಿದ್ಯುತ್ ನಿಗಮವನ್ನು ಹೊಣೆ ಮಾಡಿ, ಅಳಿವೆಯನ್ನು ಸರಿಪಡಿಸುವ ಕ್ರಮಕ್ಕೆ ಆದೇಶಿಸಿತು.

ನಿಮ್ಮ ಊರಿನಲ್ಲೂ ಈ ದಾಖಲೆಗಳನ್ನು ಕೇಳಿ:

• ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯಲ್ಲಿ ನಿಮ್ಮ ಭಾಗದ ನಕ್ಷೆ. ಜಿಲ್ಲೆಯಲ್ಲಿರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಕೇಳಬಹುದು.
• ತೋಡಿಗೆ ನೀರು ಬಿಡುವ ಕಾರ್ಖಾನೆ ಅಥವಾ ಘಟಕದ ಸಮ್ಮತಿ ಪತ್ರ, ಕಳೆದ ಎರಡು ವರ್ಷಗಳ ತಪಾಸಣಾ ವರದಿ, ನೀರಿನ ಪರೀಕ್ಷಾ ಫಲಿತಾಂಶ.
• ಜಿಲ್ಲಾ ಸಿಆರ್‌ಝಡ್ ಸಮಿತಿಯ ಸದಸ್ಯರ ಪಟ್ಟಿ ಮತ್ತು ಸಭಾ ನಡಾವಳಿ.

ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಉಚಿತ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಆದ್ದರಿಂದ ಮೇಲಿನ ಮೂರಕ್ಕೂ ಬೇರೆ ಬೇರೆ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ನಂತರದ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಪರಿಹಾರ ಸಿಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ದಾರಿಯಿದೆ. ಜಲ ಕಾಯ್ದೆಯ 25(6)ನೇ ಸೆಕ್ಷನ್ ಪ್ರಕಾರ ಸಮ್ಮತಿಯ ಷರತ್ತುಗಳ ವಹಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರಬೇಕು. ಆ ಹೊರಹರಿವಿನಿಂದ ಬಾಧಿತರಾದ ಯಾರಿಗೂ ಅದನ್ನು ನೋಡುವ ಹಕ್ಕಿದೆ. ಮಂಗಳೂರಿನವರು ಬೈಕಂಪಾಡಿಯ ಮಂಡಳಿ ಕಚೇರಿಗೆ ಹೋಗಿ ಇದನ್ನು ಕೇಳಬಹುದು.

ಜೊತೆಗೆ ನಿಮ್ಮದೇ ಒಂದು ದಿನಚರಿ ಪುಸ್ತಕ ಇಡಿ. ದಿನಾಂಕ, ಹೊತ್ತು, ಉಬ್ಬರವೋ ಇಳಿತವೋ, ನೀರಿನ ಬಣ್ಣ, ವಾಸನೆ, ಸತ್ತ ಮೀನು, ಯಾವ ಕೊಳವೆಯಿಂದ ಬಂತು ಎಂದು ಬರೆಯಿರಿ. ಇಳಿತದ ಹೊತ್ತಿನಲ್ಲಿ ಕೊಳವೆಯ ಬಾಯಿ ಸ್ಪಷ್ಟವಾಗಿ ಕಾಣುವುದರಿಂದ ಫೋಟೋ ಆಗ ತೆಗೆಯಿರಿ. ಮೊಬೈಲ್ ಚಿತ್ರ, ವಿಡಿಯೊಗಳನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಚಿತ್ರವನ್ನು ಅಳಿಸಬೇಡಿ.

ನೀವೇ ಬಾಟಲಿಯಲ್ಲಿ ತುಂಬಿದ ನೀರು ತಿಳಿವಳಿಕೆಗೆ ಉಪಯುಕ್ತ, ಆದರೆ ಜಲ ಕಾಯ್ದೆಯ ಮೊಕದ್ದಮೆಗೆ ಅದು ಸಾಲದು. 21ನೇ ಸೆಕ್ಷನ್ನಿನಂತೆ ಮಂಡಳಿಯ ಅಧಿಕಾರಿಯೇ ನೋಟಿಸು ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ದೂರಿನಲ್ಲಿ ಇದನ್ನು ಹೆಸರಿಸಿ ಕೇಳಿ.

ಯಾರಿಗೆ ದೂರು ಕೊಡಬೇಕು?

ಕೊಳಚೆ, ರಾಸಾಯನಿಕ ನೀರು: ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಪರಿಸರ ಅಧಿಕಾರಿಗೆ. ಘಟಕವನ್ನು ಮುಚ್ಚಿಸುವ, ಅದರ ವಿದ್ಯುತ್ ಮತ್ತು ನೀರು ಕಡಿತಗೊಳಿಸುವ ಅಧಿಕಾರವನ್ನು ಜಲ ಕಾಯ್ದೆಯ 33ಎ ಸೆಕ್ಷನ್ ಮಂಡಳಿಗೆ ಕೊಟ್ಟಿದೆ.

ಕಾಂಡ್ಲಾ ಕಡಿಯುವುದು, ಮಣ್ಣು ತುಂಬುವುದು, ಒಡ್ಡು ಕಟ್ಟುವುದು: ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಮತ್ತು ಜಿಲ್ಲಾಧಿಕಾರಿಗೆ. ಅರಣ್ಯ ಭೂಮಿಯಾಗಿದ್ದರೆ ವಲಯ ಅರಣ್ಯಾಧಿಕಾರಿಗೂ ಒಂದು ಪ್ರತಿ.

ಊರಿನ ಚರಂಡಿ, ಕಸ: ಪಾಲಿಕೆಯ ಆಯುಕ್ತರಿಗೆ. ದುಡ್ಡಿಲ್ಲ ಎಂಬ ಉತ್ತರ ಬಂದರೆ ರತ್ಲಾಂ ಪುರಸಭೆಯ ಪ್ರಕರಣವನ್ನು ನೆನಪಿಸಿ. ಹಣದ ಕೊರತೆ ಹೇಳಿ ನೈರ್ಮಲ್ಯದ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1980ರಲ್ಲೇ ತೀರ್ಪಿತ್ತಿದೆ. ಸಾರ್ವಜನಿಕ ಉಪದ್ರವ ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಕೊಡಬಹುದು. ಚರಂಡಿ, ನೈರ್ಮಲ್ಯ ಸಾರ್ವಜನಿಕ ಉಪಯುಕ್ತ ಸೇವೆಯಾದ್ದರಿಂದ ಮಂಗಳೂರಿನ ಖಾಯಂ ಜನತಾ ನ್ಯಾಯಾಲಯಕ್ಕೂ ಹೋಗಬಹುದು. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ.

ದೂರು ಚಿಕ್ಕದಾಗಿರಲಿ, ಹೀಗೆ ಬರೆಯಬಹುದು: “ದಿನಾಂಕ ... ರಂದು ಇಳಿತದ ಹೊತ್ತಿನಲ್ಲಿ ... ತೋಡಿನ ಸೇತುವೆಯ ಕೆಳಗಿನ ಕೊಳವೆಯಿಂದ ಕಪ್ಪು ನೀರು ಅಳಿವೆಗೆ ಹರಿಯುತ್ತಿರುವುದು ಕಂಡುಬಂದಿದೆ. ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ನಮ್ಮ ಸಮಕ್ಷಮ ಮಾದರಿ ಸಂಗ್ರಹಿಸಿ, 33ಎ ಅಡಿ ಕ್ರಮ ಕೈಗೊಂಡು, ಬರವಣಿಗೆಯಲ್ಲಿ ಹಿಂಬರಹ ನೀಡಬೇಕೆಂದು ಕೋರುತ್ತೇವೆ.” ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿದ ಸ್ವೀಕೃತಿ ಪಡೆಯದೆ ಹೊರಡಬೇಡಿ. ಮುಂದಿನ ಪ್ರತಿ ಹಂತಕ್ಕೂ ಆ ಪ್ರತಿಯೇ ಆಧಾರ.

ಹಸಿರು ನ್ಯಾಯಮಂಡಳಿಯ ಮುಂದೆ

ಕಚೇರಿಗಳು ಸುಮ್ಮನಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ 2010 ಇದೆ. ಕರ್ನಾಟಕ ಚೆನ್ನೈನ ದಕ್ಷಿಣ ಪೀಠದ ವ್ಯಾಪ್ತಿಗೆ ಬರುತ್ತದೆ. 14ನೇ ಸೆಕ್ಷನ್ ಅಡಿಯ ಅರ್ಜಿಯಲ್ಲಿ ಉಲ್ಲಂಘನೆಯನ್ನು ಪ್ರಶ್ನಿಸಬಹುದು. ವ್ಯಾಜ್ಯಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಸಲ್ಲಿಸಬೇಕು. 15ನೇ ಸೆಕ್ಷನ್ ಅಡಿ ಪರಿಹಾರವನ್ನೂ, ಹಾಳಾದ ಪರಿಸರವನ್ನು ಮೊದಲಿನ ಸ್ಥಿತಿಗೆ ತರುವ ಆದೇಶವನ್ನೂ ಕೇಳಬಹುದು. ಇದಕ್ಕೆ ಐದು ವರ್ಷ ಅವಕಾಶವಿದೆ. ಸಕಾರಣವಿದ್ದರೆ ಎರಡಕ್ಕೂ ಇನ್ನೂ 60 ದಿನ ಸಿಗಬಹುದು. ಜೌಗಿನ ಪುನಶ್ಚೇತನ ನಿಮ್ಮ ಗುರಿಯಾಗಿದ್ದರೆ 15ನೇ ಸೆಕ್ಷನ್ ಮರೆಯಬೇಡಿ. ಬರೇ 14ರ ಅಡಿ ಹೋದರೆ ಕೊಳವೆ ಮುಚ್ಚಬಹುದು, ಕೆಸರಿನಲ್ಲಿ ಕೂತ ವಿಷ ಹಾಗೇ ಉಳಿಯಬಹುದು.

ಪರಿಹಾರ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ಬಾಧಿತ ವ್ಯಕ್ತಿಯಷ್ಟೇ ಅಲ್ಲದೆ ಮೀನುಗಾರರ ಸಂಘ, ನಿವಾಸಿಗಳ ಸಂಘದಂಥ ಪ್ರಾತಿನಿಧಿಕ ಸಂಸ್ಥೆಗಳೂ ಅರ್ಜಿ ಹಾಕಬಹುದು. ವಕೀಲರಿಲ್ಲದೆ ಸ್ವತಃ ವಾದಿಸಲೂ ಅವಕಾಶವಿದೆ. ಕನ್ನಡದ ದಾಖಲೆಗಳ ಜೊತೆ ಇಂಗ್ಲಿಷ್ ಅನುವಾದ ಇರಲಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಮೊದಲಾದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಮುಂಬಯಿ ಹೈಕೋರ್ಟ್ 2018ರ ಸೆಪ್ಟೆಂಬರ್ 17ರ ತೀರ್ಪಿನಲ್ಲಿ, ಕಾಂಡ್ಲಾ ನಾಶ ಜನರ 21ನೇ ವಿಧಿಯ ಹಕ್ಕಿಗೆ ಧಕ್ಕೆಯೆಂದೂ, ನಾಶವಾದ ಕಾಂಡ್ಲಾ ಮತ್ತೆ ಬೆಳೆಸುವುದು ಸರ್ಕಾರದ ಕರ್ತವ್ಯವೆಂದೂ ಹೇಳಿದೆ. ಅದು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅರ್ಜಿಯಲ್ಲಿ ಉಲ್ಲೇಖಿಸಲು ಬಲವಾದ ಆಧಾರ.

ಪುನಶ್ಚೇತನದಲ್ಲಿ ಊರಿನ ಪಾಲು

ಆದೇಶ ಬಂದ ಮೇಲೆ ಯೋಜನೆ ತಯಾರಾಗುತ್ತದೆ. ಊರಿನವರು ಅತ್ಯಂತ ಎಚ್ಚರವಾಗಿರಬೇಕಾದ ಹೊತ್ತು ಇದು. ಗುತ್ತಿಗೆದಾರರಿಗೆ ಸಾವಿರಾರು ಸಸಿ ನೆಟ್ಟ ಲೆಕ್ಕ ತೋರಿಸುವುದು ಸುಲಭ. ಮರುವಾಯಿ ಬೆಳೆಯುವ, ಹಕ್ಕಿಗಳು ಮೇಯುವ ಖಾಲಿ ಕೆಸರುಬಯಲೂ 1ಎ ವರ್ಗದ್ದೇ. ಅಲ್ಲಿ ಸಸಿ ತುಂಬಿಸಿದರೆ ಒಂದು ಜೀವನೆಲೆಯನ್ನು ಉಳಿಸಲು ಇನ್ನೊಂದನ್ನು ಅಳಿಸಿದಂತೆ. ಮಣ್ಣು ತುಂಬಿ ಮುಚ್ಚಿದ ತೋಡುಗಳನ್ನು ಬಿಡಿಸಿ ಉಬ್ಬರದ ನೀರು ಮತ್ತೆ ಓಡಾಡುವಂತೆ ಮಾಡಿದರೆ, ಬೀಜದ ಮರಗಳು ಹತ್ತಿರವಿರುವಲ್ಲಿ ಕಾಂಡ್ಲಾ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಯಾವ ತೋಡು ಎಲ್ಲಿ ಹರಿಯುತ್ತಿತ್ತು ಎಂಬುದು ಬಲೆ ಬೀಸಿ ಬೆಳೆದ ಹಿರಿಯರಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಯೋಜನೆಯ ಕಡತದಲ್ಲಿ ದಾಖಲಾಗಬೇಕು.

ಅದಕ್ಕೆ ಕಾನೂನು ಮೂರು ವೇದಿಕೆ ಕೊಟ್ಟಿದೆ. ಒಂದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಿಆರ್‌ಝಡ್ ಸಮಿತಿ. ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಅದರಲ್ಲಿರಬೇಕು. ಎರಡು, ಜೀವವೈವಿಧ್ಯ ಕಾಯ್ದೆ 2002ರ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ. ಅಳಿವೆಯ ಮೀನು, ಮರುವಾಯಿ, ಗಿಡ, ಹಕ್ಕಿಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲು ಅರ್ಜಿ ಕೊಡಿ. ಮೂರು, ಪಾಲಿಕೆಯ ವಾರ್ಡ್ ಸಮಿತಿ. ಚರಂಡಿ ಸಂಪರ್ಕ, ಕಸ ಸುರಿಯುವ ಜಾಗಗಳ ವಿಷಯ ಅಲ್ಲಿನ ನಡಾವಳಿಯಲ್ಲಿ ದಾಖಲಾಗಲಿ. ಕಾಂಡ್ಲಾ ಬೆಳೆಸಲು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ‘ಮಿಷ್ಟಿ’ ಯೋಜನೆಯ ಅಡಿ ಹಣ ಬಂದರೆ ನರ್ಸರಿ, ನಾಟಿ, ಕಾವಲಿನ ಕೆಲಸ ಸ್ಥಳೀಯರಿಗೇ ಸಿಗಬೇಕೆಂದು ಅರಣ್ಯ ಇಲಾಖೆಯನ್ನು ಕೇಳಿ. ಕಾಮಗಾರಿ ನಡೆಯುವಾಗ ಅದನ್ನು ಕಣ್ಣಾರೆ ಪರಿಶೀಲಿಸುವ ಹಕ್ಕನ್ನು ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಸೆಕ್ಷನ್ ಕೊಟ್ಟಿದೆ.

ಒಂದು ಎಚ್ಚರಿಕೆಯೂ ಬೇಕು. ಅನುಮತಿಯಿಲ್ಲದೆ ಅರಣ್ಯ ಅಥವಾ ಖಾಸಗಿ ಜಾಗಕ್ಕೆ ನುಗ್ಗಿ ನೆಡುವುದು, ಒತ್ತುವರಿಯನ್ನು ತಾವೇ ಕೆಡಹುವುದು, ಕಾರ್ಖಾನೆಯ ಕೊಳವೆ ಒಡೆಯುವುದು ಬೇಡ. ಇಂಥ ಕೆಲಸಕ್ಕೆ ಕೈಹಾಕಿದರೆ ದೂರುದಾರರೇ ಆರೋಪಿಗಳಾಗುತ್ತಾರೆ.

ಈ ತಿಂಗಳು ಐದಾರು ಮನೆಯವರು ಸೇರಿ ಮೂರು ಅರ್ಜಿಗಳಿಂದ ಆರಂಭಿಸಿ: ನಕ್ಷೆಗೆ ಒಂದು, ಸಮ್ಮತಿ ಪತ್ರಕ್ಕೆ ಒಂದು, ಜಿಲ್ಲಾ ಸಮಿತಿಯ ಸದಸ್ಯರ ಪಟ್ಟಿಗೆ ಒಂದು. ಖರ್ಚು 30 ರೂಪಾಯಿ. ಆ ಪಟ್ಟಿಯಲ್ಲಿ ನಿಮ್ಮ ಊರಿನ ಮೀನುಗಾರರ ಪ್ರತಿನಿಧಿ ಇಲ್ಲದಿದ್ದರೆ, ಎರಡನೇ ತಿಂಗಳ ಮೊದಲ ಪತ್ರ ಜಿಲ್ಲಾಧಿಕಾರಿಗೆ ಹೋಗಲಿ.