ಒಂದೂವರೆ ಮಿಲಿಮೀಟರ್ ನೀರು

2024ರ ಮಾರ್ಚ್ ತಿಂಗಳಲ್ಲಿ ಒಂದೇ ದಿನ ಎರಡು ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟೆ. ಒಂದು, ಬನಶಂಕರಿ ಮೂರನೇ ಹಂತದ ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಬಂದದ್ದು, ಅದರಲ್ಲಿ ನಮ್ಮ ಮನೆಯ ಪಾಲು. ಇನ್ನೊಂದು ಹಾರೋಹಳ್ಳಿ ಹತ್ತಿರದ ನಮ್ಮೂರಲ್ಲಿ, ಮೂರು ಸೀಮೆಹಸುಗಳ ತೊಟ್ಟಿಗೆ. ಬೆಂಗಳೂರಿನಲ್ಲಿ ಆಗತಾನೇ ಜಿಲ್ಲಾಡಳಿತ ದರ ಕಟ್ಟಿತ್ತು: 6,000 ಲೀಟರಿನ ಟ್ಯಾಂಕರಿಗೆ 5 ಕಿ.ಮೀ. ಒಳಗಾದರೆ 600 ರೂಪಾಯಿ, 10 ಕಿ.ಮೀ.ವರೆಗೆ 750. ಊರಿನಲ್ಲಿ ಟ್ಯಾಂಕರಿನವನು ಬಾಯಿಗೆ ಬಂದಂತೆ ಕೇಳುತ್ತಾನೆಂದು ಹೆದರಿದ್ದೆ. ಪಾಪ, 700 ಕೇಳಿದ. ಫೋನ್‌ಪೇ ಮಾಡಿದೆ.

ಆ 700 ರೂಪಾಯಿ ನನ್ನನ್ನು ಮುಳುಗಿಸಲಿಲ್ಲ. ಮುಳುಗಿಸಿದ್ದು ಬೇರೆಯದೇ ನೀರು. ಅದು ಯಾವ ನೀರು ಅಂತ ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತಿದ್ದ ನನಗೆ ಹೊಳೆಯದೇ ಹೋಯಿತಲ್ಲ, ಆ ಕಥೆ ಇದು.

ನಾನು ಜಯನಗರದ ಒಂದು ಶಾಖೆಗೆ ಬರುವ ಮೊದಲು ಹಳ್ಳಿ ಕಡೆಯ ಶಾಖೆಗಳಲ್ಲಿ ಹೈನುಗಾರಿಕೆ ಸಾಲಗಳಿಗೆ ಎಷ್ಟು ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಅರ್ಜಿಯ ಜತೆ ಬರುವ ಯೋಜನಾ ವರದಿಯಲ್ಲಿ ಎರಡು ಸಾಲು ಇರುತ್ತಿದ್ದವು. ಹಸಿರು ಮೇವು: ಸ್ವಂತ ಜಮೀನು. ನೀರು: ಕೊಳವೆಬಾವಿ ಇದೆ. ಎರಡಕ್ಕೂ ಪಕ್ಕದಲ್ಲಿ ಟಿಕ್ ಹಾಕಿ, ಹಸುವಿನ ಬೆಲೆ, ಹಾಲಿನ ಲೀಟರು, ಕಂತು ಇಷ್ಟನ್ನೇ ಕೂಡಿ ಕಳೆದು ಮುಂದಕ್ಕೆ ಕಳಿಸುತ್ತಿದ್ದೆ. ಕೊಳವೆಬಾವಿ ಎಷ್ಟು ಇಂಚು ನೀರು ಕೊಡುತ್ತದೆ, ಏಪ್ರಿಲ್‌ನಲ್ಲೂ ಕೊಡುತ್ತದಾ ಎಂದು ಒಬ್ಬರನ್ನೂ ಕೇಳಿದ ನೆನಪಿಲ್ಲ. ಕೇಳಲು ಫಾರಂನಲ್ಲಿ ಜಾಗವೂ ಇರಲಿಲ್ಲ ಅನ್ನಿ.

2021ರಲ್ಲಿ ನಿವೃತ್ತಳಾದಾಗ ಎಫ್‌ಡಿ ಬಡ್ಡಿ ಆರರ ಆಸುಪಾಸಿಗೆ ಇಳಿದಿತ್ತು. ಊರಲ್ಲಿರುವ ತಮ್ಮ "ಅಕ್ಕಾ, ಬ್ಯಾಂಕಲ್ಲಿ ಕೊಳೆ ಹಾಕೋ ಬದ್ಲು ಹಸು ಕಟ್ಟೋಣ" ಅಂದ. ತಲಾ 72 ಸಾವಿರದಂತೆ ಮೂರು ಹಸು, 2,16,000. ಕೊಟ್ಟಿಗೆ ರಿಪೇರಿ, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ರಬ್ಬರ್ ಮ್ಯಾಟು ಎಲ್ಲಾ ಸೇರಿ 90 ಸಾವಿರ. ಹತ್ತು ಗುಂಟೆಗೆ ತಮ್ಮ, ಅವನ ಹೆಂಡತಿ ಸೇರಿ ಸೀಮೆಹುಲ್ಲು ನಾಟಿ ಹಾಕಿದರು. ನೀರಾವರಿ ಚೆನ್ನಾಗಿದ್ದರೆ ಎಕರೆಗೆ ವರ್ಷಕ್ಕೆ ನೂರು ಟನ್ನಿನ ಮೇಲೆ ಕೊಡುವ ಹುಲ್ಲದು, ಹತ್ತು ಗುಂಟೆ ಅಂದರೆ ಮೂರು ಹಸುವಿಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕೆ.ಜಿ.ಯಂತೆ ಕೊಯ್ದು ಹಾಕಲು ಸರಿಹೋಗುತ್ತದೆ. ದುಡ್ಡು ನನ್ನದು, ಜಾಗ, ದುಡಿಮೆ ಅವರದು, ಉಳಿದದ್ದರಲ್ಲಿ ನನಗೆ ವರ್ಷಕ್ಕೆ 30 ಸಾವಿರ, ಮಿಕ್ಕಿದ್ದು ಅವರಿಗೆ. ಹೀಗಂತ ಮಾತಾಯಿತು.

2022 ಮಳೆಯ ವರ್ಷ. ಬೆಂಗಳೂರಿನ ರಸ್ತೆಗಳಲ್ಲಿ ದೋಣಿ ಬಿಟ್ಟ ವರ್ಷ. ತಮ್ಮನ ಹೆಂಡತಿ ಸುಜಾತ ಡೇರಿ ಚೀಟಿಗಳನ್ನು ಒಂದೂ ಬಿಡದೆ ದಾರಕ್ಕೆ ಪೋಣಿಸಿ ಇಟ್ಟಿದ್ದಳು. ಅವನ್ನು ಬಿಡಿಸಿಕೊಂಡು ಕೂತು ಲೆಕ್ಕ ಬರೆದೆ. ಮೂರು ಹಸುಗಳಿಂದ ವರ್ಷಕ್ಕೆ 9,000 ಲೀಟರ್. ಡೇರಿ ದರದ ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದು ಬಟವಾಡೆಯ ಜತೆಗಲ್ಲ, ಬೇರೆಯಾಗಿ ಖಾತೆಗೆ ಬರುತ್ತದೆ. ಎರಡೂ ಸೇರಿ ಸರಾಸರಿ 34 ರೂಪಾಯಿ ಬಿತ್ತು. ಒಟ್ಟು 3,06,000. ಫೀಡು, ಬೂಸಾ, ಹಿಂಡಿಗೆ 1,51,000. ರಾಗಿಹುಲ್ಲಿಗೆ 33 ಸಾವಿರ. ಡಾಕ್ಟರು, ಖನಿಜ ಮಿಶ್ರಣ, ವಿಮೆ, ಚಿಲ್ಲರೆ ಖರ್ಚಿಗೆ 24 ಸಾವಿರ. ಉಳಿದದ್ದು 98 ಸಾವಿರ.

ನನ್ನ ಪಾಲಿನ 30 ಸಾವಿರ ಅಂದರೆ ಹೂಡಿದ್ದಕ್ಕೆ ಹತ್ತಿರ ಹತ್ತಿರ ನೂರಕ್ಕೆ ಹತ್ತು. ಬೆಳಿಗ್ಗೆ ವಾಕಿಂಗ್ ಗುಂಪಿನಲ್ಲಿ ಹೇಳಿಕೊಂಡು ತಿರುಗಿದೆ. ಮ್ಯೂಚುವಲ್ ಫಂಡಿನ ಸುದ್ದಿ ಹೇಳುವವರ ಬಾಯಿ ಮುಚ್ಚಿಸಿದ ಖುಷಿ ನನಗೆ.

ಒಂದು ಸಂಜೆ ಅದೇ ಹಾಳೆಯ ಹಿಂಬದಿಯಲ್ಲಿ ಸುಮ್ಮನೆ ಇನ್ನೊಂದು ಭಾಗಾಕಾರ ಮಾಡಿದೆ. ತಮ್ಮನಿಗೂ ಸುಜಾತಳಿಗೂ ಸೇರಿ ಉಳಿದದ್ದು 68 ಸಾವಿರ. ದಿನಕ್ಕೆ 186 ರೂಪಾಯಿ. ಇಬ್ಬರಿಗೆ. ಬೆಳಗಿನ ಐದಕ್ಕೆ ಸಗಣಿ ಬಾಚುವುದರಿಂದ ಹಿಡಿದು ಸಂಜೆ ಡೇರಿಗೆ ಹಾಲು ಹಾಕಿ ಬರುವವರೆಗೆ, ಭಾನುವಾರ, ಯುಗಾದಿ, ಮದುವೆ ಮನೆ ಏನೂ ಇಲ್ಲದೆ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ಒಬ್ಬರಿಗೆ ದಿನಕ್ಕೆ 309 ರೂಪಾಯಿ. ನನ್ನ ನೂರಕ್ಕೆ ಹತ್ತು ಎಲ್ಲಿಂದ ಬಂದಿತ್ತೆಂದು ಆಗ ಗೊತ್ತಾಯಿತು. ವಾಕಿಂಗ್ ಗುಂಪಿನಲ್ಲಿ ಇದನ್ನು ಹೇಳಲಿಲ್ಲ.

ಮರುವರ್ಷ ಮುಂಗಾರು ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾಯಿತು. ನಮ್ಮ ಬೋರು ದೀಪಾವಳಿಯವರೆಗೆ ಎಳೆಯಿತು, ಸಂಕ್ರಾಂತಿಗೆ ಕೆಮ್ಮತೊಡಗಿತು, ಫೆಬ್ರವರಿಯಲ್ಲಿ ಬರೀ ಗಾಳಿ. ತಮ್ಮ ಫೋನ್ ಮಾಡಿದಾಗ ನಾನು ನಗರದವಳ ಧೈರ್ಯದಲ್ಲಿ "ಟ್ಯಾಂಕರ್ ತರಿಸೋ" ಅಂದೆ.

"ಅಕ್ಕಾ, ಟ್ಯಾಂಕರ್ ನೀರು ಕುಡಿಸ್ಬೋದು, ಹುಲ್ಲು ಬೆಳೆಸಕ್ಕಾಗಲ್ಲ" ಅಂದ.

ಮೊದಲು ನನಗೆ ಅರ್ಥವಾಗಲಿಲ್ಲ. ಕ್ಯಾಲ್ಕುಲೇಟರ್ ತೆಗೆದುಕೊಂಡು ಕೂತೆ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ಕರೆಯುವ ಹಸು ಒಂದು ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರಾದರೂ ಕುಡಿಯಬೇಕು, ಬೇಸಿಗೆಯಲ್ಲಿ ದಿನಕ್ಕೆ ಎಪ್ಪತ್ತು ಎಂಬತ್ತು ಲೀಟರ್ ಸಲೀಸು. ಮೂರು ಹಸು, ಮೈ ತೊಳೆಯುವುದು, ಕೊಟ್ಟಿಗೆ ತೊಳೆಯುವುದು ಸೇರಿ 300 ಲೀಟರ್ ಇಟ್ಟುಕೊಳ್ಳಿ. ಒಂದು ಟ್ಯಾಂಕರ್ ಇಪ್ಪತ್ತು ದಿನ ಬರುತ್ತದೆ. ದಿನಕ್ಕೆ 35 ರೂಪಾಯಿ. ಯಾರಾದರೂ ತಡೆದುಕೊಳ್ಳಬಹುದು.

ಅದೇ ಟ್ಯಾಂಕರನ್ನು ಒಂದು ಎಕರೆ ಹುಲ್ಲಿನ ಮೇಲೆ ಸುರಿಯಿರಿ. ಎಕರೆ ಅಂದರೆ ಸುಮಾರು 4,047 ಚದರ ಮೀಟರ್. 6,000 ಲೀಟರ್ ಅದರ ಮೇಲೆ ಹರಡಿದರೆ ನಿಲ್ಲುವುದು ಒಂದೂವರೆ ಮಿಲಿಮೀಟರ್! ಬೇಸಿಗೆಯ ಒಂದು ಹಗಲಿಗೂ ಸಾಲದು. ನಮ್ಮದು ಹತ್ತೇ ಗುಂಟೆ, ಆದರೂ ಒಂದು ಸಲ ಎರಡು ಇಂಚು ನೀರು ಕಟ್ಟಬೇಕೆಂದರೆ 50 ಸಾವಿರ ಲೀಟರ್, ಅಂದರೆ ಎಂಟು ಟ್ಯಾಂಕರಿಗೂ ಮೇಲೆ, 5,600 ರೂಪಾಯಿಗೂ ಮೇಲೆ. ಎಂಟು ಹತ್ತು ದಿನಕ್ಕೊಂದು ಸಲ ಹೀಗೆ. ಹಸು ಬಾಯಿ ಹಾಕಿ ಕುಡಿಯುವ ನೀರು ಕಣ್ಣಿಗೆ ಕಾಣುತ್ತದೆ, ಹುಲ್ಲಿನ ರೂಪದಲ್ಲಿ ತಿನ್ನುವ ನೀರು ಕಾಣುವುದಿಲ್ಲ. ಜಗತ್ತಿನ ಸರಾಸರಿ ತೆಗೆದರೆ ಒಂದು ಲೀಟರ್ ಹಾಲಿನ ಹಿಂದೆ ಸಾವಿರ ಲೀಟರ್ ನೀರಿದೆ ಎಂಬ ಲೆಕ್ಕವನ್ನು ಹಿಂದೆ ಎಲ್ಲೋ ಓದಿ ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ಅದರಲ್ಲಿ ಬಹುಪಾಲು ಈ ಮೇವಿನ ನೀರೇ. ನಾನು ಟಿಕ್ ಹಾಕುತ್ತಿದ್ದ ಸಾಲು.

ಸೀಮೆಹುಲ್ಲು ಒಣಗಿ ನಿಂತಿತು. ಸೈಲೇಜ್, ಅಂದರೆ ಹುದುಗಿಸಿಟ್ಟ ಹಸಿಮೇವು ತರಿಸಿದೆವು, ಕೆ.ಜಿ.ಗೆ 8 ರೂಪಾಯಿ. ರಾಗಿಹುಲ್ಲಿನ ಬೆಲೆ ಎರಡರಷ್ಟಾಯಿತು. ಅದೂ ಸಿಕ್ಕರೆ. ಹನ್ನೆರಡು ಲೀಟರ್ ಕೊಡುತ್ತಿದ್ದ ಹಸು ಎಂಟಕ್ಕೆ ಇಳಿಯಿತು. ಬಿಸಿಲಿಗೆ ಸೀಮೆಹಸು ಮೇವನ್ನೇ ಸರಿಯಾಗಿ ಮುಟ್ಟುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತ ನಿಲ್ಲುತ್ತದೆ. ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಕೂಡ ಇಳಿದು ದರಕ್ಕೂ ಏಟು ಬಿತ್ತು. ಮಾರ್ಚ್ ಕೊನೆಯ ವಾರದ ಲೆಕ್ಕ ನನ್ನ ಪುಸ್ತಕದಲ್ಲಿ ಹೀಗಿದೆ: ಒಂದು ಹಸುವಿಗೆ ದಿನಕ್ಕೆ ಫೀಡು 5 ಕೆ.ಜಿ. 130, ಸೈಲೇಜ್ 15 ಕೆ.ಜಿ. 120, ಒಣಹುಲ್ಲು 60, ನೀರು 12, ಒಟ್ಟು 322. ಹಾಲು 8 ಲೀಟರ್, 37 ರೂಪಾಯಿಯಂತೆ 296. ಪ್ರತಿ ಹಸುವೂ ನಿಂತ ಜಾಗದಲ್ಲೇ ದಿನಕ್ಕೆ 26 ರೂಪಾಯಿ ನುಂಗುತ್ತಿತ್ತು. ಇದರಲ್ಲಿ ಕೂಲಿ ಎಂಬ ಸಾಲೇ ಇಲ್ಲ ಎಂಬುದನ್ನು ನೆನಪಿಡಿ. ಷೇರು ಬಿದ್ದರೆ ಆ್ಯಪ್ ಮುಚ್ಚಿ ಮಲಗಬಹುದು. ಹಸು ಬೆಳಿಗ್ಗೆ ಐದಕ್ಕೆ ಅಂಬಾ ಅನ್ನುತ್ತದೆ.

ಈ ನಡುವೆ ಒಂದು ದಾರಿ ಕಾಣಿಸಿತು. ಹಾರೋಹಳ್ಳಿಯಿಂದ ಬಿಡದಿ ಕಡೆ ಹೋದರೆ ಬೈರಮಂಗಲ ಕೆರೆ. ಊರೆಲ್ಲ ಒಣಗಿದ್ದರೂ ಅದರ ಕೆಳಗಿನ ಗದ್ದೆಗಳು ಕಣ್ಣು ಕುಕ್ಕುವಷ್ಟು ಹಸಿರು. ಮೇವು, ಬೇಬಿಕಾರ್ನ್ ಬೆಳೆಯುತ್ತಾರೆ. ಕಾರಣ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಹುಟ್ಟಿತೆಂದು ಹೆಸರು ಪಡೆದ ನದಿ ಈಗ ಬನಶಂಕರಿ, ಹೊಸಕೆರೆಹಳ್ಳಿ, ಮೈಸೂರು ರಸ್ತೆಯ ಕೊಳಚೆಯನ್ನು, ಕಾರ್ಖಾನೆಗಳ ನೀರನ್ನು ಹೊತ್ತು ವರ್ಷಪೂರ್ತಿ ಹರಿಯುತ್ತದೆ. ಕೆರೆಯ ಕೋಡಿಯಲ್ಲಿ ಸೋಪಿನಂತೆ ನೊರೆ. ತಮ್ಮ ಎರಡು ಟೆಂಪೊ ಹುಲ್ಲು ತಂದ, ಸೈಲೇಜಿನ ಅರ್ಧ ಬೆಲೆಗೆ.

ಆ ದಿನ ಊರಿಗೆ ಹೋಗಿದ್ದೆ. ಕನಕಪುರ ರಸ್ತೆಯಲ್ಲಿ ತಾತಗುಣಿ ದಾಟಿ ಹಾರೋಹಳ್ಳಿ ತಲುಪುವಾಗ ಮೊದಲ ಸಲ ಒಂದು ಸಂಗತಿ ತಲೆಗೆ ಹೋಯಿತು. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿಯನ್ನು ಎತ್ತುವ ಪಂಪಿಂಗ್ ಕೇಂದ್ರಗಳಲ್ಲಿ ಇವೆರಡೂ ಸೇರಿವೆ. ಅಂದರೆ ತೊಳೆದ ಮುತ್ತಿನಂಥ ನೀರು ನಮ್ಮೂರ ಒಂದು ಪಕ್ಕದಲ್ಲಿ ಕೊಳವೆಯೊಳಗೆ ನಗರಕ್ಕೆ ಹೋಗುತ್ತದೆ, ನಮ್ಮ ಮನೆಯ ಬಚ್ಚಲು, ಪಾಯಿಖಾನೆ ಹೊಕ್ಕು ಇನ್ನೊಂದು ಪಕ್ಕದಲ್ಲಿ ನೊರೆಯಾಗಿ ವಾಪಸ್ ಬರುತ್ತದೆ. ಬಿಟಿಎಂ ಲೇಔಟಿನಲ್ಲಿರುವ ಮಗಳ ಮನೆಯ ನೀರು ಹೋಗುವುದು ಬೆಳ್ಳಂದೂರಿನ ಕಡೆ. ಆ ಕಣಿವೆಯ ಕೊಳಚೆಯನ್ನು ಒಂದಿಷ್ಟು ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ನಮ್ಮ ಇಳಿಜಾರಿಗೆ ಆಗ ಆ ಮರ್ಯಾದೆಯೂ ಇರಲಿಲ್ಲ.

ಗೊಂತಿನಲ್ಲಿ ಹುಲ್ಲು ಹಾಕುತ್ತಿದ್ದ ತಮ್ಮನನ್ನು ನೋಡುತ್ತ ಸುಜಾತ ನನ್ನನ್ನು ಕೇಳಿದಳು: "ಅಕ್ಕಾ, ಈ ಹುಲ್ಲು ತಿಂದ ಹಸೀನ ಹಾಲು ನಿಮ್ಮ ಮೊಮ್ಮಗೀಗೆ ಕೊಡ್ತೀರಾ?"

ನಾನು ಬ್ಯಾಂಕಿನವರು ಹೇಳುವಂತೆ "ನೋಡೋಣ" ಅಂದೆ. ಮೂರನೇ ಟೆಂಪೊ ತರಿಸಲಿಲ್ಲ. ಕೊಳಚೆಯ ಹೆದರಿಕೆಗೆ ಆಧಾರ ಎಷ್ಟಿತ್ತೋ ಗೊತ್ತಿಲ್ಲ, ಆ ಹುಲ್ಲನ್ನು ನಾವು ಪರೀಕ್ಷೆಗೇನೂ ಕಳಿಸಲಿಲ್ಲ. ಆದರೆ ದುಡ್ಡು ಉಳಿಯುವ ದಾರಿಯೊಂದು ಕಣ್ಣೆದುರೇ ಇದ್ದೂ ಹಿಡಿಯಲು ಕೈ ಬಾರದೆ ಹೋದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮೇ ತಿಂಗಳಲ್ಲಿ ಎರಡು ಹಸುಗಳನ್ನು ತಲಾ 44 ಸಾವಿರಕ್ಕೆ ಕೊಟ್ಟೆವು. ಬರದಲ್ಲಿ ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಎರಡರಲ್ಲೇ 56 ಸಾವಿರ ಹೋಯಿತು.

ಇಷ್ಟೆಲ್ಲ ಆದ ಮೇಲೆ 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ನೀಲಿ ಪ್ಯಾಕೆಟ್ 42 ಇದ್ದದ್ದು 46. ನಡುವೆ ಒಂಬತ್ತು ತಿಂಗಳು 50 ಮಿ.ಲೀ. ಹೆಚ್ಚಿಗೆ ಕೊಟ್ಟು 2 ರೂಪಾಯಿ ಹೆಚ್ಚಿಗೆ ತೆಗೆದುಕೊಂಡ ಆಟ ಅಲ್ಲಿಗೆ ಮುಗಿಯಿತು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ಬೆಂಕಿ. ದಿನಕ್ಕೆ ಒಂದೂವರೆ ಲೀಟರ್ ತರುವ ಮನೆಗೆ ತಿಂಗಳಿಗೆ 180 ರೂಪಾಯಿ ಹೆಚ್ಚು. ಜಯನಗರದಲ್ಲಿ ಇಬ್ಬರು ದರ್ಶಿನಿಗೆ ಹೋಗಿ ದೋಸೆ ತಿಂದು ಕಾಫಿ ಕುಡಿದು ಬರುವ ದುಡ್ಡು. ಬರೆಯಬೇಕೆಂದು ಎರಡು ಸಲ ಟೈಪ್ ಮಾಡಿ ಅಳಿಸಿದೆ. ಕೆಲಸ ಹೋದವರ ಮನೆಗಳೂ ಆ ಗುಂಪಿನಲ್ಲಿವೆ, 180 ಅವರಿಗೆ ಸಣ್ಣದಲ್ಲ. ಆ 4 ರೂಪಾಯಿ ರೈತರಿಗೇ ಎಂದು ಸರ್ಕಾರ ಹೇಳಿತು. ನಮ್ಮ ಹಿಂದಿನ ವರ್ಷದ ಮಾರ್ಚ್ ಲೆಕ್ಕಕ್ಕೆ ಅದನ್ನು ಸೇರಿಸಿ ನೋಡಿದೆ: 8 ಲೀಟರಿಗೆ 32 ರೂಪಾಯಿ. ನಷ್ಟದ 26 ಹೋಗಿ ಹಸುವಿಗೆ 6 ರೂಪಾಯಿ ಉಳಿಯುತ್ತಿತ್ತು.

ಈಗ ಪರಿಚಯದವರು, ಅದರಲ್ಲೂ ಐಟಿ ಬಿಟ್ಟು ಊರಿಗೆ ಹೋಗುವ ಕನಸಿನ ಹುಡುಗರು, ಡೇರಿ ಮಾಡಲು ಸಲಹೆ ಕೇಳಿ ಬರುತ್ತಾರೆ. ಯಾವ ತಳಿ, ಎಷ್ಟು ಲೀಟರ್, ಗಾಜಿನ ಬಾಟಲಿಯಲ್ಲಿ ಜೆ.ಪಿ. ನಗರಕ್ಕೆ ನೂರು ರೂಪಾಯಿಗೆ ಮಾರಬಹುದಾ ಅಂತ ಕೇಳುತ್ತಾರೆ. ನಾನು ಹಸುವಿನ ವಿಷಯ ಎತ್ತುವುದೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಬೋರು ಎಷ್ಟು ಗಂಟೆ ಓಡುತ್ತದೆ, ಹೋಗಿ ನೋಡಿ ಬನ್ನಿ ಅನ್ನುತ್ತೇನೆ. ಕೊಂಡ ಮೇವಿನಲ್ಲಿ ಹಸು ಸಾಕಿದರೆ ನೀವು ಫೀಡಿನ ಅಂಗಡಿಗೂ ಡೇರಿಗೂ ನಡುವೆ ಓಡಾಡುವ ಸಂಬಳವಿಲ್ಲದ ಗುಮಾಸ್ತರು. ಹಸು ಸರಿಯಾಗಿ ಗಬ್ಬ ಕಟ್ಟದಿದ್ದರೆ ಕರೆಯದ ತಿಂಗಳುಗಳಲ್ಲೂ ಆ ಗುಮಾಸ್ತಿಕೆ ತಪ್ಪದು. ಹೆಚ್ಚಿನವರು ಎರಡನೇ ಸಲ ಬರುವುದಿಲ್ಲ.

2024ರ ಮಳೆ ಚೆನ್ನಾಗಿ ಬಂತು. ಸತ್ತಿತೆಂದುಕೊಂಡಿದ್ದ ಸೀಮೆಹುಲ್ಲು ಬುಡದಿಂದ ಚಿಗುರಿತು. ಉಳಿದ ಒಂದು ಹಸು ಗೌರಿ ಇನ್ನೂ ಇದೆ. ಅದು 2022ರಲ್ಲಿ ಹಾಕಿದ ಹೆಣ್ಣುಗರು ಕಡಸಾಗಿ, ಮೊನ್ನೆ ಬೇಸಿಗೆಯಲ್ಲಿ ಕರು ಹಾಕಿತು. ಗೌರಿಯ ಆ ಹೆಣ್ಣುಗರುವಿಗೆ ನನ್ನ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಬರದಲ್ಲೂ ಸುಜಾತ ಅದಕ್ಕೆ ಕಲಗಚ್ಚು, ಹಲಸಿನ ತೊಳೆ, ಹುರುಳಿ ಹೊಟ್ಟು ಅಂತ ಎಲ್ಲಿಂದಲೋ ತಂದು ಹಾಕಿ ಸಾಕಿದ್ದಳು. "ಅಕ್ಕಾ, ಕಡಸನ್ನ ಯಾರ ಲೆಕ್ಕಕ್ಕೆ ಬರ್ಕೊತೀರಿ?" ಅಂತ ತಮ್ಮ ಕೇಳಿದ. ಕೇಳಿಸಿದ್ದು ತಮ್ಮನ ಬಾಯಲ್ಲಿ, ಪ್ರಶ್ನೆ ಯಾರದೆಂದು ಗೊತ್ತಿತ್ತು. ಡೇರಿ ಪಾಸ್‌ಬುಕ್ಕನ್ನು ಸುಜಾತಳ ಹೆಸರಿಗೆ ಮಾಡಿಸಿ, ನನ್ನ ವರ್ಷದ 30 ಸಾವಿರದ ಮಾತನ್ನು ಕೈಬಿಟ್ಟೆ. ಉಳಿದರೆ ಎಷ್ಟು ತೋಚುತ್ತದೋ ಅಷ್ಟು ಕೊಡಲಿ. ಹೋದ ಸಲ ಒಂದೂವರೆ ಕೆ.ಜಿ. ತುಪ್ಪ ಬಂತು.

ವಾರಕ್ಕೊಮ್ಮೆ ಡೇರಿ ಚೀಟಿಯ ಫೋಟೊ ಕಳಿಸುತ್ತಾಳೆ. ಮೊನ್ನೆಯದರಲ್ಲಿ ಬೆಳಿಗ್ಗೆ 9.4 ಲೀಟರ್, ಫ್ಯಾಟ್ 3.9. ಕೆಳಗೆ ಅವಳೇ ಟೈಪ್ ಮಾಡಿದ್ದಾಳೆ: ಬೋರು ಎರಡು ಗಂಟೆ ಓಡ್ತಾ ಇದೆ.